ಹಿತ್ತಲಲ್ಲಿ ಬೈಕ್ ಬಿಚ್ಚಿ ಕೂತಿದ್ದೀರಾ? ಅದು ಮುಗಿಯುವ ತನಕ ಹುಮ್ಮಸ್ಸು ಉಳಿಸಿಕೊಳ್ಳುವುದು ಹೀಗೆ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ, ಧಾರವಾಡದ ಹಳೆ ಮನೆಗಳ ಹಿತ್ತಲಲ್ಲಿ, ಗದಗ-ಬೆಟಗೇರಿಯ ಪಡಸಾಲೆಗಳ ಮೂಲೆಯಲ್ಲಿ ಇಂಥದ್ದೊಂದು ಗಾಡಿ ಇದ್ದೇ ಇರುತ್ತದೆ. ತಾಡಪತ್ರಿ ಹೊದ್ದ ಚಾಸಿ. ಗಾಲಿ ಇಲ್ಲ, ಟ್ಯಾಂಕ್ ಇಲ್ಲ. ಪಕ್ಕದಲ್ಲಿ ಎರಡು ಗೋಣಿಚೀಲ, ಅದರ ತುಂಬ ಸಾಮಾನು. ಕೇಳಿದರೆ, "ಯಮಹಾ ಆರ್‌ಎಕ್ಸ್ ಐತ್ರೀ, ರೆಡಿ ಮಾಡಾಕ್ಹತ್ತೇನಿ" ಎನ್ನುತ್ತಾರೆ. ಮುಂದಿನ ವರ್ಷ ಕೇಳಿದರೂ ಅದೇ ಉತ್ತರ.

ಇವರು ಸೋಮಾರಿಗಳಲ್ಲ. ಪಾನಾ ಹಿಡಿಯಲು ಬಾರದವರೂ ಅಲ್ಲ. ನಾನು ನೋಡಿದ ಮಟ್ಟಿಗೆ, ಮನೆಯಲ್ಲಿ ಬೈಕ್ ಕಟ್ಟುವವರ ಉತ್ಸಾಹ ಇಳಿಯುವುದು ಗಾಡಿ ಗಾಡಿಯಂತೆ ಕಾಣುವುದು ನಿಂತಾಗ. ನಿಂತಿರುವ ಬೈಕ್ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಚೀಲದಲ್ಲಿರುವ ನಟ್ಟು ಬೋಲ್ಟು ಕಂಡರೆ ಯಾರಿಗೂ ಏನೂ ಅನಿಸುವುದಿಲ್ಲ. ಆದ್ದರಿಂದ ಕೆಲಸದ ಕ್ರಮವನ್ನೇ ಬದಲಿಸಿಕೊಳ್ಳಬೇಕು. ಗಾಡಿ ಆದಷ್ಟು ದಿನ ತನ್ನ ಗಾಲಿಗಳ ಮೇಲೆ ನಿಂತಿರಬೇಕು. ಯಾವತ್ತು ಹೋದರೂ ಅರ್ಧ ತಾಸಿನಲ್ಲಿ ಮುಗಿಯುವ ಒಂದು ಕೆಲಸ ಸಿಗಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಮೊದಲು ಕಾಗದಪತ್ರ

ಗಾಡಿ ಕೊನೆಗೆ ರೋಡಿಗೆ ಇಳಿಯುತ್ತದೋ ಇಲ್ಲವೋ ಎಂಬ ಅನುಮಾನ ತಲೆಯಲ್ಲಿದ್ದರೆ ಕೈ ಓಡುವುದಿಲ್ಲ. ಅದಕ್ಕೇ ಇದು ಮೊದಲು. ಆರ್‌ಎಕ್ಸ್ 100 ನಮ್ಮಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲೇ. ಅಂದರೆ ಇವುಗಳ ಮೊದಲ 15 ವರ್ಷದ ನೋಂದಣಿ ಮುಗಿದು ಎಷ್ಟೋ ಕಾಲವಾಯಿತು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಬಂದಿದ್ದಾರಾ ನೋಡಿ. ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಡೀಸೆಲ್ ಬಟ್ಟೆಯಿಂದ ಒರೆಸಿ ಆರ್‌ಸಿ ಜೊತೆ ಹೋಲಿಸಿ. ಕೆಎ 25 ಇದ್ದರೆ ಧಾರವಾಡದ ಆರ್‌ಟಿಒ, 63 ಇದ್ದರೆ ಹುಬ್ಬಳ್ಳಿ, 26 ಗದಗ, 27 ಹಾವೇರಿ. ಕಾಗದ ಸರಿಯಿಲ್ಲದಿದ್ದರೆ ಪಾನಾ ಮುಟ್ಟುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಲಾಯಿತು. ಹಾಗಾಗಿ ಚಾಸಿ ಕೊಯ್ದು ಹಳೆ ರೇಸ್ ಬೈಕಿನ ರೂಪ ಕೊಡುವ ಕೆಫೆ ರೇಸರ್ ಕನಸು ಬಿಟ್ಟುಬಿಡಿ. ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದಾದ ಕೆಲಸಗಳಲ್ಲೇ ನಿಮ್ಮ ಡಿಸೈನ್ ಕೂರಲಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಿ. ಎಂಜಿನ್ ಬದಲಿಸುವುದಿದ್ದರೆ ಮೊದಲೇ ಅನುಮತಿ ತಗೊಳ್ಳಿ. ಅನುಮಾನ ಇರುವ ಬದಲಾವಣೆಯನ್ನು ಆರ್‌ಟಿಒದಲ್ಲಿ ಮೊದಲು ಕೇಳಿ, ಆಮೇಲೆ ಮಾಡಿ. ಇಷ್ಟು ಕಡಿವಾಣ ಇದ್ದರೂ ಸೀಟು, ಬಣ್ಣ, ಪಾಲಿಶ್, ಸ್ಪೋಕ್ ಗಾಲಿ, ಸ್ವಚ್ಛ ವೈರಿಂಗ್ ಇವುಗಳಲ್ಲೇ ಗಾಡಿಯ ರೂಪ ಪೂರ್ತಿ ಬೇರೆಯಾಗುತ್ತದೆ.

ಆ ರೂಪವನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಟ್ಯಾಂಕಿಗೆ ಯಾವ ಬಣ್ಣ, ಸೀಟು ಎಂಥದ್ದು, ಹ್ಯಾಂಡಲ್ ಯಾವುದು, ಅಷ್ಟೇ. ಗಾಡಿ ಓಡುವ ತನಕ ಆ ಹಾಳೆ ಬದಲಾಗಬಾರದು. ವಾರಕ್ಕೊಂದು ವಿಡಿಯೊ ನೋಡಿ ವಾರಕ್ಕೊಂದು ಡಿಸೈನ್ ಮಾಡುವವರ ಗಾಡಿ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಒಮ್ಮೆಲೇ ಎಲ್ಲ ಬಿಚ್ಚಬೇಡಿ

ಮೊದಲ ರವಿವಾರ ಬಹಳ ಅಪಾಯದ ದಿನ. ಗೆಳೆಯರು ಬಂದಿರುತ್ತಾರೆ, ಮಿರ್ಚಿ-ಗಿರ್ಮಿಟ್ ತರಿಸಿರುತ್ತಾರೆ, ಸಂಜೆಯೊಳಗೆ ಇಡೀ ಗಾಡಿ ನೆಲದ ಮೇಲೆ. ಬಿಚ್ಚುವುದರಲ್ಲಿ ಒಂಥರಾ ಮಜಾ ಇದೆ, ಸುಳ್ಳಲ್ಲ. ಆದರೆ ಬಿಚ್ಚಿದ್ದು ಒಂದು ದಿನದ ಕೆಲಸವಾದರೆ ಜೋಡಿಸುವುದು ತಿಂಗಳುಗಳ ಕೆಲಸ. ಅಷ್ಟೂ ತಿಂಗಳು ನೀವು ನೋಡುವುದು ನೆಲದ ಮೇಲಿನ ರಾಶಿಯನ್ನೇ.

ಅದರ ಬದಲು ಒಂದೊಂದು ಭಾಗ ಹಿಡಿಯಿರಿ. ಮುಂದಿನ ಗಾಲಿ ಮತ್ತು ಬ್ರೇಕ್ ಬಿಚ್ಚಿ, ಬೇರಿಂಗ್ ನೋಡಿ, ಬ್ರೇಕ್ ಶೂ ಬದಲಿಸಿ, ಗ್ರೀಸ್ ಹಾಕಿ, ಮತ್ತೆ ಜೋಡಿಸಿ. ಆಮೇಲೆ ಹಿಂದಿನ ಗಾಲಿ. ಆಮೇಲೆ ಫೋರ್ಕ್: ಆಯಿಲ್, ಸೀಲ್. ಚಾಸಿಗೆ ಬಣ್ಣ ಮಾಡಿಸುವಾಗ ಇವೆಲ್ಲ ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ ನಿಜ. ಆದರೆ ಆಗ ಒಂದೂ ಬೋಲ್ಟ್ ಜಾಮ್ ಆಗಿರುವುದಿಲ್ಲ. ಯಾವುದು ಎಲ್ಲಿಗೆ ಅಂತ ಕೈಗೇ ಗೊತ್ತಿರುತ್ತದೆ. ಎರಡೆರಡು ಸಲ ಕೆಲಸ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಬಿಚ್ಚುವಾಗ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಜಾಸ್ತಿಯೇ ತೆಗೆಯಿರಿ. ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ವಾಷರ್ ಯಾವ ಕಡೆ ಇತ್ತು, ವೈರಿನ ಬಣ್ಣ ಯಾವುದಕ್ಕೆ ಯಾವುದು, ಇವು ಎರಡು ತಿಂಗಳ ಮೇಲೆ ನೆನಪಿರುವುದಿಲ್ಲ. ಬೋಲ್ಟನ್ನು ಅದರದೇ ತೂತಿಗೆ ಎರಡು ಸುತ್ತು ಹಾಕಿಡಿ. ಹಾಗೆ ಆಗದಿದ್ದರೆ ಜಿಪ್ ಚೀಲದಲ್ಲಿ ಹಾಕಿ, ಮಾರ್ಕರಿನಲ್ಲಿ ಹೆಸರು ಬರೆಯಿರಿ. ಬರೀ "ಬೋಲ್ಟ್" ಎಂದು ಬರೆದರೆ ಉಪಯೋಗವಿಲ್ಲ, "ಹಿಂದಿನ ಮಡ್‌ಗಾರ್ಡ್, ಎಡಕ್ಕೆ, ಉದ್ದದ್ದು" ಎಂದು ಬರೆಯಿರಿ.

ಜಾಮ್ ಆದ ಬೋಲ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಷ್ಟೋ ಗಾಡಿಗಳು ನಿಂತದ್ದು ಒಂದೇ ಒಂದು ಮುರಿದ ಸ್ಟಡ್‌ನಿಂದ (ತಲೆಯಿಲ್ಲದ ಬೋಲ್ಟ್). ಬೋಲ್ಟ್ ಮೊದಲ ಪ್ರಯತ್ನಕ್ಕೆ ಬರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಆ ದಿನ ಬಿಟ್ಟುಬಿಡಿ. ಮರುದಿನ ಬಿಗಿ ಮಾಡುವ ಕಡೆಗೆ ಒಂಚೂರು, ಬಿಚ್ಚುವ ಕಡೆಗೆ ಒಂಚೂರು ಅಲ್ಲಾಡಿಸಿ. ಆಗಲೂ ಬರದಿದ್ದರೆ ಸುತ್ತಲಿನ ಲೋಹ ಬಿಸಿ ಮಾಡಬೇಕು. ಟ್ಯಾಂಕ್, ಕಾರ್ಬೊರೇಟರ್ ಹತ್ತಿರ ಇದ್ದರೆ ಬೆಂಕಿಯ ಯೋಚನೆಯೇ ಬೇಡ, ಅವನ್ನು ತೆಗೆದು ದೂರ ಇಡಿ. ಎಂಜಿನ್ ಕವರಿನ ಸ್ಟಾರ್ ಸ್ಕ್ರೂಗಳಿಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಸಾದಾ ಸ್ಕ್ರೂಡ್ರೈವರಿನಿಂದ ಅವುಗಳ ತಲೆ ಸವೆದೇ ಹೋಗುತ್ತದೆ. ಇನ್ನು ಸಿಟ್ಟು ಬಂತೋ, ಪಾನಾ ಕೆಳಗಿಟ್ಟು ಚಹಾ ಕುಡಿಯಲು ಹೋಗಿ. ಬೋಲ್ಟ್ ಮುರಿಯುವುದು ಯಾವಾಗಲೂ ಸಿಟ್ಟು ಬಂದ ಮೇಲಿನ ಐದು ನಿಮಿಷದಲ್ಲೇ.

ಬಣ್ಣಕ್ಕಿಂತ ಮೊದಲು ಸದ್ದು

ಹೆಚ್ಚಿನವರು ಮೊದಲು ಟ್ಯಾಂಕಿಗೆ ಬಣ್ಣ ಮಾಡಿಸುತ್ತಾರೆ, ಹೊಳೆಯುವ ಲೈಟು, ಹ್ಯಾಂಡಲ್ ಕೊಳ್ಳುತ್ತಾರೆ. ಎಂಜಿನ್ "ಆಮೇಲೆ ನೋಡೋಣ". ಇದು ಉಲ್ಟಾ. ಎಂಜಿನ್‌ಗೆ ದುಡ್ಡು ಬೇಕಾದಾಗ ಕೈ ಖಾಲಿಯಾಗಿರುತ್ತದೆ. ಅಷ್ಟರಲ್ಲಿ ಹೊಸ ಬಣ್ಣಕ್ಕೆ ಗೀರು ಬಿದ್ದಿರುತ್ತದೆ.

ಎಂಜಿನ್ ಇಳಿಸಿ, ಬೋರ್ (ಸಿಲಿಂಡರಿನ ಒಳ ಅಗಲ) ಅಳೆಸಿ. ಪಿಸ್ಟನ್, ರಿಂಗ್, ಕ್ರ್ಯಾಂಕ್ ಬೇರಿಂಗ್, ಆಯಿಲ್ ಸೀಲ್ ಯಾವುದು ಹೋಗಿದೆ ನೋಡಿ. ಟೂ-ಸ್ಟ್ರೋಕ್ ಕ್ರ್ಯಾಂಕ್ ಬಿಚ್ಚಿ ಜೋಡಿಸಲು ಪ್ರೆಸ್ ಬೇಕು, ನೇರ ಕೂತಿದೆಯಾ ನೋಡಲು ಡಯಲ್ ಗೇಜ್ ಬೇಕು. ಆ ಕೆಲಸ ಲೇತಿನವರಿಗೇ ಬಿಡಿ. ಉಳಿದದ್ದು ಮನೆಯಲ್ಲಿ ಆಗುತ್ತದೆ. ಎಂಜಿನ್ ಮುಗಿದ ಕೂಡಲೇ ಅದನ್ನು ಬಣ್ಣವಿಲ್ಲದ ಹಳೆಯ ಚಾಸಿಯಲ್ಲೇ ಕೂರಿಸಿ. ಹೊಸ ಸೀಟು, ಮಡ್‌ಗಾರ್ಡ್, ಲೈಟು, ಎಲ್ಲವನ್ನೂ ಇಟ್ಟು ನೋಡಿ. ಎಲ್ಲಿ ತೂತು ಹೊಡೆಯಬೇಕು, ಎಲ್ಲಿ ಬ್ರಾಕೆಟ್ ಬೇಕು, ಹ್ಯಾಂಡಲ್ ತಿರುಗಿಸಿದರೆ ಟ್ಯಾಂಕಿಗೆ ತಾಗುತ್ತದಾ, ಎಲ್ಲ ಈಗಲೇ ಗೊತ್ತಾಗಬೇಕು.

ಹಾಗೆ ಕಚ್ಚಾ ಜೋಡಿಸಿದ ಗಾಡಿಯನ್ನು ಒಮ್ಮೆ ಶುರು ಮಾಡಿ. ಬಯಲಲ್ಲಿ ಮಾಡಿ, ಕೋಣೆಯೊಳಗೆ ಹೊಗೆ ತುಂಬಿದರೆ ಜೀವಕ್ಕೇ ಅಪಾಯ. ಆರ್‌ಎಕ್ಸ್‌ನ ಆಯಿಲ್ ಪಂಪ್ ಇನ್ನೂ ಜೋಡಿಸಿಲ್ಲ ಎಂದರೆ ಪೆಟ್ರೋಲಿನಲ್ಲೇ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಬೇಕು. ಪಂಪ್ ಜೋಡಿಸಿದ್ದರೆ ಅದರೊಳಗಿನ ಗಾಳಿ ತೆಗೆದಿರಬೇಕು. ಎರಡೂ ಇಲ್ಲದೆ ಕಿಕ್ ಹೊಡೆದರೆ ಹೊಸ ಪಿಸ್ಟನ್ ಅಲ್ಲೇ ಹಿಡಿದುಕೊಳ್ಳುತ್ತದೆ. ಸೋರಿಕೆ, ತಪ್ಪು ಟೈಮಿಂಗ್, ಕೂರದ ಗೇರು, ಎಲ್ಲ ಈಗ ಗೊತ್ತಾದರೆ ಸರಿಪಡಿಸುವುದು ಸುಲಭ.

ಇದರ ಇನ್ನೊಂದು ಲಾಭ ನಮ್ಮ ವಿಷಯಕ್ಕೆ ಸೇರಿದ್ದು. ತುಕ್ಕು ಹಿಡಿದ ಚಾಸಿಯಲ್ಲಿ ಎಂಜಿನ್ ಒಮ್ಮೆ ಸದ್ದು ಮಾಡಿದರೆ ಮುಂದಿನ ಆರು ತಿಂಗಳಿಗೆ ಸಾಕಾಗುವಷ್ಟು ಹುರುಪು ಬರುತ್ತದೆ. ಅಷ್ಟೊತ್ತಿಗೆ ಮನೆಯವರಿಗೂ ನಂಬಿಕೆ ಬಂದಿರುತ್ತದೆ. "ಇವ ಏನೋ ಮಾಡಾಕ್ಹತ್ಯಾನ ಬಿಡು" ಎಂಬ ಮಾತು ಅಡುಗೆಮನೆಯಿಂದ ಕೇಳಬಹುದು. ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಬಣ್ಣದ ಕೆಲಸ ಎಳೆದಾಡುವಾಗ ಬೇಕಾಗುತ್ತದೆ.

ನಮ್ಮ ಕಡೆಯ ಹವಾಮಾನಕ್ಕೆ ಕೆಲಸ ಹೊಂದಿಸಿ

ಯಾವ ಕೆಲಸ ಯಾವ ತಿಂಗಳಲ್ಲಿ ಎಂಬುದನ್ನು ಮಳೆ ನಿರ್ಧರಿಸುತ್ತದೆ. ಮಿರಗದ ಮಳೆ ಶುರುವಾದ ಮೇಲೆ ಚಾಸಿಯ ಬಣ್ಣ ಕೆರೆದು ಬರಿ ಕಬ್ಬಿಣ ಬಿಟ್ಟರೆ ಕೆಲವೇ ದಿನದಲ್ಲಿ ಕೆಂಪು ತುಕ್ಕು ಏಳುತ್ತದೆ. ಧಾರವಾಡದ ಕಡೆ ಇದು ಇನ್ನೂ ಬೇಗ, ಅಲ್ಲಿ ಜಿಟಿಜಿಟಿ ಮಳೆ ಬಿಡುವುದೇ ಇಲ್ಲ. ಎರಡು ದಿನ ಉಜ್ಜಿದ ಕೆಲಸ ಮತ್ತೆ ಉಜ್ಜಬೇಕು ಎಂದಾಗ ಯಾರಿಗಾದರೂ ಬೇಸರವೇ. ಬರಿ ಕಬ್ಬಿಣ ಮಾಡಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಾದಾ ಸರ್ಫೇಸರ್ ಪ್ರೈಮರ್ ತೇವ ಹೀರುತ್ತದೆ, ಅದನ್ನು ನಂಬಿ ಮಳೆಗಾಲ ಕಳೆಯಬೇಡಿ.

ಮಳೆಗಾಲದಲ್ಲಿ ಟ್ಯಾಂಕಿನ ಬಣ್ಣವೂ ಬೇಡ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೆಳ್ಳಗೆ ಮಂಕು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗೆ ಕೂತು ಮಾಡುವ ಕೆಲಸ ಇಟ್ಟುಕೊಳ್ಳಿ: ಕಾರ್ಬೊರೇಟರ್, ಎಂಜಿನ್, ವೈರಿಂಗ್. ವೈರಿಂಗನ್ನು ಗಾಡಿಯ ಮೇಲೆ ಬಗ್ಗಿ ಮಾಡಬೇಕಿಲ್ಲ. ಒಂದು ಪ್ಲೈವುಡ್ ಹಲಗೆಯ ಮೇಲೆ ಹೆಡ್‌ಲೈಟ್, ಸ್ವಿಚ್, ಹಾರ್ನ್ ಎಲ್ಲಿ ಬರುತ್ತವೋ ಅಲ್ಲಿ ಮೊಳೆ ಹೊಡೆದು, ಅಳತೆ ಪ್ರಕಾರ ವೈರ್ ಎಳೆದು ಕಟ್ಟಿ. ಕುರ್ಚಿಯಲ್ಲಿ ಕೂತು, ಹೊರಗಿನ ಮಳೆ ನೋಡುತ್ತಾ ಮಾಡಬಹುದು.

ಬಣ್ಣಕ್ಕೆ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಬೇಸಿಗೆಯಲ್ಲೂ ಆಗುತ್ತದೆ, ಆದರೆ ಮುಂಜಾನೆಯೇ ಮುಗಿಸಬೇಕು. ಮಧ್ಯಾಹ್ನದ ಬಿಸಿಗೆ ಬಣ್ಣ ಸಮ ಕೂರುವ ಮೊದಲೇ ಒಣಗುತ್ತದೆ, ಧೂಳು ಬೇರೆ. ಗಟ್ಟಿಕಾರಕ ಬೆರೆಸುವ 2ಕೆ ಬಣ್ಣದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ. ಸರಿಯಾದ ಕಾರ್ಟ್ರಿಜ್ ಮಾಸ್ಕ್ ಇಲ್ಲದಿದ್ದರೆ ಪೇಂಟರಿಗೇ ಕೊಡಿ. ಟ್ಯಾಂಕ್ ಸೋರುತ್ತಿದ್ದರೆ ಮನೆಯಲ್ಲಿ ವೆಲ್ಡಿಂಗ್ ಹಚ್ಚಲೇಬೇಡಿ, ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಸಿಡಿಯುತ್ತದೆ.

ಗಡುವು ಬೇಕು ಎನ್ನುವವರಿಗೆ ನಮ್ಮಲ್ಲಿ ತಯಾರಿದೆ: ಮಹಾನವಮಿಯ ಖಂಡೆ ಪೂಜೆ. ಗಾಡಿ ಪೂರ್ತಿ ಆಗಿರಬೇಕೆಂದೇನಿಲ್ಲ. ಎರಡು ಗಾಲಿಗಳ ಮೇಲೆ ನಿಲ್ಲಿಸಿ ಹೂವು ಏರಿಸುವಷ್ಟಾದರೂ ಇರಲಿ ಎಂದು ಇಟ್ಟುಕೊಂಡರೆ ಆಗಸ್ಟ್‌ನಲ್ಲಿ ಕೈ ತಾನೇ ಓಡುತ್ತದೆ.

ಅರ್ಧ ತಾಸಿನ ಲೆಕ್ಕ

ನೌಕರಿ, ಅಂಗಡಿ, ಹೊಲ ಇರುವವರಿಗೆ ಇಡೀ ದಿನ ಸಿಗುವುದು ರವಿವಾರ ಮಾತ್ರ. ಆ ರವಿವಾರ ಮದುವೆ, ಸೀಮಂತ, ಜಾತ್ರೆಯ ಪಾಲು. ಅದಕ್ಕೇ ವಾರದ ನಡುವೆ ಅರ್ಧ ತಾಸು ಹುಡುಕಿ. ಕೆಲಸ ಮುಗಿಸಿ ಏಳುವ ಮೊದಲು ನಾಳೆಯ ಕೆಲಸ ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿ. "ಗಾಡಿ ಕೆಲಸ" ಎಂದು ಬರೆದರೆ ಆಗಲಿಲ್ಲ. "ಹಿಂದಿನ ಬ್ರೇಕ್ ಕ್ಯಾಮ್ ತೆಗೆದು ಗ್ರೀಸ್" ಎಂದು ಬರೆಯಿರಿ. ಅದಕ್ಕೆ ಬೇಕಾದ ಪಾನಾ, ಬಟ್ಟೆ, ಗ್ರೀಸ್ ಡಬ್ಬಿ ಪಕ್ಕದಲ್ಲೇ ಇಟ್ಟು ಹೋಗಿ. ಮರುದಿನ ದಣಿದು ಬಂದಾಗ ಯೋಚಿಸುವ ಕೆಲಸ ಉಳಿದಿರಬಾರದು, ಕೈ ಹಾಕುವುದಷ್ಟೇ ಉಳಿದಿರಬೇಕು.

ಒಂದು ಹಳೆಯ ನೋಟ್‌ಬುಕ್ ಇಡಿ. ದಿನಾಂಕ, ಮಾಡಿದ ಕೆಲಸ, ಖರ್ಚು. ಮಾಡಿದ್ದು ಏನೂ ಇಲ್ಲ ಅನಿಸಿದಾಗ ಹಿಂದಿನ ಪುಟ ತಿರುಗಿಸಿ ನೋಡಬಹುದು.

ಲೇತು, ಪೌಡರ್ ಕೋಟಿಂಗ್, ಕ್ರೋಮ್: ಕಾಯುವ ಕಾಲ

ಇಲ್ಲಿಯೇ ಹೆಚ್ಚಿನವರು ಸೋಲುವುದು. ಕ್ರ್ಯಾಂಕ್ ಕೊಟ್ಟು ಬರುತ್ತೀರಿ. "ಎರಡ ದಿನ ಬಿಟ್ಟ ಬಾ ತಮ್ಮಾ" ಎನ್ನುತ್ತಾರೆ. ಎರಡು ದಿನ ಬಿಟ್ಟು ಹೋದರೆ ಮತ್ತೆ ಅದೇ ಮಾತು. ಅವರ ಕಷ್ಟವೂ ಇದೆ. ಗದಗ, ಹಾವೇರಿ ಕಡೆ ಲೇತಿಗೆ ಅನ್ನ ಹಾಕುವುದು ಟ್ರ್ಯಾಕ್ಟರ್, ಪಂಪ್‌ಸೆಟ್, ಕೂರಿಗೆಗಳ ಕೆಲಸ. ಮುಂಗಾರು ಬಿತ್ತನೆ ಎದುರಿಗಿದ್ದಾಗ ನಿಮ್ಮ ಬೈಕಿನ ಕ್ರ್ಯಾಂಕಿಗೆ ಪಾಳಿ ಬರುವುದಿಲ್ಲ, ಬರಲೂಬಾರದು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಇಂಡಸ್ಟ್ರಿಯಲ್ ಎಸ್ಟೇಟ್‌ಗಳಲ್ಲೂ ಕಾರ್ಖಾನೆಯ ದೊಡ್ಡ ಆರ್ಡರ್ ಮುಂದೆ ಒಂದು ಬಿಡಿ ಸಾಮಾನು ಹಿಂದೆ ಬೀಳುತ್ತದೆ.

ಹಾಗಾಗಿ ಎರಡು ಪಟ್ಟಿ ಇರಲಿ. ಒಂದು ಮುಖ್ಯ ಕೆಲಸಗಳದ್ದು. ಇನ್ನೊಂದು "ಸಾಮಾನು ಬರುವ ತನಕ" ಮಾಡುವಂಥದ್ದು: ಸ್ಪೋಕ್ ಉಜ್ಜುವುದು, ಅಲ್ಯುಮಿನಿಯಂ ಕವರಿಗೆ ಪಾಲಿಶ್, ಕಟ್ಟಿಕೊಂಡ ಥ್ರೆಡ್‌ಗಳಿಗೆ ಟ್ಯಾಪ್ ಹಾಕುವುದು, ಕೇಬಲ್‌ಗಳಿಗೆ ಎಣ್ಣೆ ಇಳಿಸುವುದು. ಹೊರಗೆ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಮನೆಯಲ್ಲಿ ಖಾಲಿ ಕೂರಬೇಡಿ. ಚಾಸಿ ಕೋಟಿಂಗಿಗೆ ಹೋದರೆ ಎಂಜಿನ್ ಮನೆಯಲ್ಲಿರಲಿ.

ಪೌಡರ್ ಕೋಟಿಂಗಿಗೆ ಕೊಡುವಾಗ ಬೇರಿಂಗ್ ಕೂರುವ ಜಾಗ, ಥ್ರೆಡ್, ಅರ್ಥಿಂಗ್ ಬೋಲ್ಟಿನ ಜಾಗ ಎಲ್ಲಕ್ಕೂ ಬಿಸಿ ತಡೆಯುವ ಟೇಪ್ ಹಚ್ಚಿಸಿ. ಚಾಸಿ ನಂಬರಿಗೆ ತಪ್ಪದೆ ಹಚ್ಚಿಸಿ. ದಪ್ಪ ಪೌಡರಿನಡಿ ನಂಬರು ಮುಚ್ಚಿಹೋದರೆ, ಅಥವಾ ಮರಳು ಹೊಡೆದು ಸವೆದರೆ, ಆರ್‌ಟಿಒದಲ್ಲಿ ಉತ್ತರ ಕೊಡಬೇಕಾದವರು ನೀವು.

ದುಡ್ಡು ಮತ್ತು ಮನೆಯವರು

ತಿಂಗಳಿಗೆ ಇಷ್ಟು ಎಂದು ತೆಗೆದಿಡಿ, ಸಾಲ ಮಾಡಿ ಒಮ್ಮೆಲೇ ಸಾಮಾನು ತುಂಬಬೇಡಿ. ಮುಂದಿನ ಹಂತಕ್ಕೆ ಬೇಕಾದ್ದನ್ನಷ್ಟೇ ಕೊಳ್ಳಿ. ಒಂದೇ ವಿನಾಯಿತಿ: ನಿಮಗೆ ಬಹಳ ಇಷ್ಟವಾದ ಒಂದು ಹೊಳೆಯುವ ಸಾಮಾನು ಮೊದಲೇ ತಂದು ಎದುರಿಗೆ ಇಟ್ಟುಕೊಳ್ಳಬಹುದು. ಒಂದೇ, ಎರಡಲ್ಲ.

ಕಾರ್ಬೊರೇಟರ್ ತೊಳೆಯಲು ಅವ್ವನ ಬೋಗುಣಿ ಮುಟ್ಟಬೇಡಿ. ಗ್ರೈಂಡರ್ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಬೇಡ. ಮನೆಯಲ್ಲಿ ಹುಡುಗರಿದ್ದರೆ ನಟ್ಟುಗಳನ್ನು ಅಳತೆ ಪ್ರಕಾರ ಬೇರೆ ಮಾಡುವ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ. ದಿನಾ ಓಡಾಡಲು ಬೇರೆ ಗಾಡಿ ಇರಲೇಬೇಕು. ಇರುವ ಒಂದೇ ಗಾಡಿ ಬಿಚ್ಚಿದರೆ ಅದು ಹವ್ಯಾಸವಾಗಿ ಉಳಿಯುವುದಿಲ್ಲ, ತಲೆನೋವಾಗುತ್ತದೆ. ಇನ್ನು "ಎಲ್ಲಿಗೆ ಬಂತೋ ಗಾಡಿ?" ಎಂದು ಕಟ್ಟೆಯ ಮೇಲೆ ಕೂತು ಕೇಳುವ ಕಾಕಾಗಳಿಗೆ ತಾರೀಖು ಹೇಳಬೇಡಿ. "ಬ್ರೇಕ್ ಮುಗಿಸಿದೆ ನೋಡ್ರಿ" ಎಂದು ಮುಗಿದ ಕೆಲಸ ಹೇಳಿ. ಅವರಲ್ಲೇ ಯಾರೋ ಒಬ್ಬರು ಹಿಂದೆ ಯೆಜ್ಡಿ ಓಡಿಸಿದವರಿರುತ್ತಾರೆ, ಅವರನ್ನು ಒಳಗೆ ಕರೆದು ಕೂರಿಸಿಕೊಳ್ಳಿ.

ಬೇಸರ ಬಂದರೆ ಸರಿಯಾಗಿ ನಿಲ್ಲಿಸಿ

ಬೇಸರ ಬಂದೇ ಬರುತ್ತದೆ. ಆಗ ಒಂದು ತಿಂಗಳು ಬಿಡುವುದು ಒಳ್ಳೆಯದೇ, ಆದರೆ ಬಿಡುವ ಮುನ್ನ ಒಂದು ಸಂಜೆ ಇದಕ್ಕಾಗಿ ಇಡಿ. ಸಿಲಿಂಡರ್ ಬೋರಿಗೆ ಆಯಿಲ್ ಸವರಿ. ಪ್ಲಗ್ ಹಾಕಿ, ತೆರೆದ ಬಾಯಿಗಳನ್ನು ಶುದ್ಧ ಬಟ್ಟೆಯಿಂದ ಮುಚ್ಚಿ, ಇಲ್ಲದಿದ್ದರೆ ಇಲಿ ಒಳಗೆ ಸಂಸಾರ ಹೂಡುತ್ತದೆ. ಟ್ಯಾಂಕ್, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಉಳಿಸಬೇಡಿ, ಹಳೆಯ ಪೆಟ್ರೋಲ್ ಒಣಗಿ ಕಾರ್ಬೊರೇಟರಿನ ಸಣ್ಣ ತೂತು, ಅಂದರೆ ಜೆಟ್, ಕಟ್ಟುತ್ತದೆ. ಬ್ಯಾಟರಿ ತೆಗೆದಿಡಿ. ತಾಡಪತ್ರಿಯನ್ನು ನೆಲದ ತನಕ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರು ಕಟ್ಟಿ ತುಕ್ಕು ಜಾಸ್ತಿಯಾಗುತ್ತದೆ. ಎಲ್ಲಿಗೆ ನಿಲ್ಲಿಸಿದಿರಿ, ಮುಂದೆ ಯಾವ ಬೋಲ್ಟ್ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮತ್ತೆ ಶುರು ಮಾಡುವ ತಾರೀಖನ್ನೂ ಬರೆಯಿರಿ.

ಒಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ಪಾನಾ ಮುಟ್ಟಿಯೇ ಇಲ್ಲ ಎಂದಾದರೆ ಇನ್ನೊಂದು ನಿರ್ಧಾರ ಬೇಕು. ಕಸ್ಟಮ್ ಆಸೆ ಬದಿಗಿಟ್ಟು ಕಂಪನಿ ಕೊಟ್ಟ ಸ್ಟಾಕ್ ರೂಪದಲ್ಲೇ ಜೋಡಿಸಿ ಓಡಿಸಿ, ಇಲ್ಲವೇ ಉಳಿದದ್ದನ್ನು ಒಬ್ಬ ಒಳ್ಳೆಯ ಮಿಸ್ತ್ರಿಗೆ ಕೊಡಿ. ಗುಜರಿಗೆ ಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಕೊನೆಯ ಸಣ್ಣಪುಟ್ಟ ಕೆಲಸಗಳು

ಗಾಡಿ ಆಯಿತು ಎಂದು ಕಂಡ ಮೇಲೂ ವಾರಗಟ್ಟಲೆ ಕೆಲಸ ಉಳಿದಿರುತ್ತದೆ. ಕ್ಲಚ್ ಕೇಬಲಿನ ಆಟ, ಬ್ರೇಕ್ ಲೈಟ್ ಸ್ವಿಚ್, ಗಾಲಿಯ ಸಾಲು, ಚೈನಿನ ಬಿಗಿ. ಇವನ್ನು ಒಟ್ಟಿಗೆ ನೆನೆದರೆ ಸುಮ್ನೆ ಭಯವಾಗುತ್ತದೆ. ಪಟ್ಟಿ ಮಾಡಿ, ಬ್ರೇಕಿನಿಂದ ಶುರು ಮಾಡಿ.

ಓಡಿಸಲು ಶುರು ಮಾಡುವ ಮೊದಲು ವಿಮೆ ಮತ್ತು ಹೊಗೆ ತಪಾಸಣೆ ಪ್ರಮಾಣಪತ್ರ ಮಾಡಿಸಿ. ಮೊದಲ ಕೆಲವು ದಿನ ಓಣಿ ಬಿಟ್ಟು ದೂರ ಹೋಗಬೇಡಿ, ಮನೆಗೆ ತಳ್ಳಿಕೊಂಡು ಬರುವಷ್ಟು ದೂರ ಸಾಕು. ಪ್ರತಿ ಸಲ ಬಂದ ಮೇಲೆ ಎಂಜಿನ್ ಮೌಂಟ್, ಆಕ್ಸಲ್, ಹ್ಯಾಂಡಲ್ ಕ್ಲಾಂಪ್ ಬೋಲ್ಟ್‌ಗಳಿಗೆ ಪಾನಾ ಹಾಕಿ ನೋಡಿ. ಹೊಸ ಬೋರ್ ಇದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಎಕ್ಸಲರೇಟರ್ ಕೊಡಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ನಡುನಡುವೆ ನಿಲ್ಲಿಸಿ ಆರಲು ಬಿಡಿ. ಬೋಲ್ಟ್ ಸಡಿಲವಾಗುವುದು ನಿಂತ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬನ್ನಿ. ಹೋಗಲು ಸುಮಾರು 20 ಕಿಲೋಮೀಟರ್, ಬರಲು ಅಷ್ಟೇ, ದಾರಿಯುದ್ದಕ್ಕೂ ಗ್ಯಾರೇಜ್ ಇವೆ. ಬಿಆರ್‌ಟಿಎಸ್ ಬಸ್ಸಿನ ಲೇನಿಗೆ ಮಾತ್ರ ನುಗ್ಗಬೇಡಿ. 10, 12, 14ರ ಪಾನಾ, ಪ್ಲಗ್ ಪಾನಾ, ಒಂದು ಪ್ಲಗ್, ಕ್ಲಚ್ ಕೇಬಲ್, ಸ್ವಲ್ಪ ವೈರು, ಟೇಪು ಚೀಲದಲ್ಲಿರಲಿ.